ಲಂಡನ್ ನಗರದ ವಿದ್ಯಾಮಂಡಲಿ

ಒಂದು ಮಹಾನಗರದ ಪಾಠಶಾಲೆಗಳನ್ನು ಒಂದೇ ಆಡಳಿತದ ಕೆಳಗೆ ತಂದು ಉತ್ತಮಪಡಿಸುವುದು ಎಂತಹ ಪ್ರಯಾಸದ ಕಾರ್ಯವೆಂಬುದನ್ನು ತಿಳಿಯಬೇಕಾದರೆ, ನಾವು ಲಂಡನ್ ಸ್ಕೂಲ್ ಬೋರ್ಡಿನ ಚರಿತ್ರೆಯನ್ನು ನೋಡಬೇಕು. 1870ರಿಂದ 1904ರವರೆಗೆ ಬಾಳಿದ ಈ ಮಂಡಲಿಯ ಹೆಸರು ನಮ್ಮಲ್ಲಿ ಅನೇಕರಿಗೆ ಅಪರಿಚಿತವಾಗಿರಬಹುದು. ಅದರ ಪ್ರಥಮಾಧ್ಯಕ್ಷರು ಮಾತ್ರ ಅಪರಿಚಿತರಲ್ಲ. 1864ರಿಂದ 1869ರವರೆಗೆ ಭರತಖಂಡದ ವೈಸರಾಯರಾಗಿದ್ದ ಲಾರ್ಡ್ ಲಾರೆನ್ಸರೇ, ಕಲ್ಕತ್ತೆಯ ಅಧಿಕಾರವನ್ನು ಬಿಟ್ಟು ಎರಡು ವರ್ಷ ತುಂಬುವುದರೊಳಗಾಗಿ, ಲಂಡನ್ನಿನ ಬಡಮಕ್ಕಳ ಓದುಬರಹದ ಹೊಣೆಯನ್ನು ಹೊತ್ತರು.

ಅಲ್ಲಿಯವರೆಗೆ ಆ ನಗರದಲ್ಲಿ ಶಾಲೆಗಳೇ ಇರಲಿಲ್ಲವೆಂದಲ್ಲ. ಕ್ರೈಸ್ತ ಧರ್ಮಸಂಘಗಳೂ ದಾನಿಗಳೂ ನಡೆಸುತ್ತಿದ್ದ ಶಾಲೆಗಳಿದ್ದವು. ಸರ್ಕಾರ ಅವಕ್ಕೆ ಸಹಾಯದ್ರವ್ಯ ಕೊಡುತ್ತಿತ್ತು. ಆದರೆ ದಾನವೆಂಬುದು ದಾನಿಗಳಿರುವ ಕಡೆ ಹರಿಯುತ್ತದೆಯೇ ಹೊರತು ಅಗತ್ಯವಿರುವ ಕಡೆಗಲ್ಲ. ಪೂರ್ವಭಾಗದ ಕಿಕ್ಕಿರಿದ ಓಣಿಗಳಲ್ಲಿ ಸಾವಿರಾರು ಮಕ್ಕಳಿಗೆ ಕುಳಿತುಕೊಳ್ಳಲು ಮಣೆಯೂ ಇರಲಿಲ್ಲ. 1870ರಲ್ಲಿ ಫಾರ್ಸ್ಟರ್ ಎಂಬ ಮಂತ್ರಿ ತಂದ ಶಾಸನವು, ಶಾಲೆಗಳು ಸಾಲದ ಕಡೆ ಚುನಾಯಿತ ಮಂಡಲಿಗಳು ಏರ್ಪಟ್ಟು, ಊರಿನ ತೆರಿಗೆಯ ಹಣದಿಂದ ಶಾಲೆ ಕಟ್ಟಬಹುದೆಂದು ವಿಧಿಸಿತು.

ಅದೇ ವರ್ಷ ನವೆಂಬರಿನಲ್ಲಿ ಲಂಡನ್ನಿನಲ್ಲಿ 49 ಮಂದಿ ಸದಸ್ಯರ ಚುನಾವಣೆ ನಡೆಯಿತು. ಪಾರ್ಲಿಮೆಂಟಿಗೆ ಮತಕೊಡುವ ಹಕ್ಕಿಲ್ಲದಿದ್ದ ಸ್ತ್ರೀಯರು, ತೆರಿಗೆ ಕೊಡುವವರಾಗಿದ್ದರೆ, ಇಲ್ಲಿ ಮತ ಕೊಡಬಹುದಾಗಿತ್ತು, ಸದಸ್ಯತ್ವಕ್ಕೂ ನಿಲ್ಲಬಹುದಾಗಿತ್ತು. ವೈದ್ಯೆಯಾಗಿದ್ದ ಎಲಿಜಬೆತ್ ಗ್ಯಾರೆಟ್ಟರು ಮ್ಯಾರಿಲಬೋನ್ ವಿಭಾಗದಲ್ಲಿ 47,000ಕ್ಕೂ ಮೇಲ್ಪಟ್ಟು ಮತಗಳನ್ನು ಪಡೆದರು. ಒಬ್ಬ ಮತದಾರನು ತನ್ನ ಪಾಲಿನ ಎಲ್ಲ ಮತಗಳನ್ನೂ ಒಬ್ಬರಿಗೇ ಕೊಡಬಹುದಾದ ಪದ್ಧತಿಯಿದ್ದುದರಿಂದ ಅಂಕಿ ಹೀಗೆ ಬೆಳೆಯಿತೆಂಬುದು ನಿಜ. ಆದರೂ ಅದೇ ವಿಭಾಗದಲ್ಲಿ ಗೆದ್ದ ಪ್ರಸಿದ್ಧ ವಿಜ್ಞಾನಿ ಹಕ್ಸ್ಲಿಯವರು ಆಕೆಗಿಂತ ಬಹು ಹಿಂದೆ ಉಳಿದರು. ಮಕ್ಕಳಿಗೆ ಚಿತ್ರ, ಸಂಗೀತ, ಅಂಗಸಾಧನೆ, ಪ್ರಕೃತಿವಿಜ್ಞಾನದ ಮೊದಲ ಪಾಠ ಇವೆಲ್ಲವೂ ಬೇಕೆಂದು ವಾದಿಸಿ ಪಾಠಕ್ರಮವನ್ನು ರೂಪಿಸಿದವರಲ್ಲಿ ಹಕ್ಸ್ಲಿಯವರೇ ಮುಂದಾಳು. ಬೈಬಲ್ಲನ್ನು ಓದಿಸಬೇಕೇ ಬೇಡವೇ ಎಂಬ ಜಗಳಕ್ಕೆ ಮಂಡಲಿಯು ಕಳೆದ ಹೊತ್ತನ್ನು ನಾವಿಲ್ಲಿ ಕಳೆಯಬೇಕಾಗಿಲ್ಲ.

ಕಟ್ಟಡದ ಕೆಲಸವನ್ನು ರಾಬ್ಸನ್ ಎಂಬ ಶಿಲ್ಪಿಗೆ ಒಪ್ಪಿಸಲಾಯಿತು. ಕೆಂಪು ಇಟ್ಟಿಗೆಯ ಮೂರಂತಸ್ತಿನ ಮನೆಗಳು, ಎತ್ತರವಾದ ಬಿಳಿಯ ಕಿಟಕಿಗಳು, ಸ್ಥಳವಿಲ್ಲದ ಕಡೆ ಮಾಳಿಗೆಯ ಮೇಲೆಯೇ ಆಟದ ಬಯಲು. ಸುತ್ತಲಿನ ತಗ್ಗು ಮನೆಗಳ ಮಧ್ಯೆ ಅವು ಕೋಟೆಗಳಂತೆ ಎದ್ದು ನಿಂತವು. ಬಡವರ ಮಕ್ಕಳಿಗೆ ಇಷ್ಟು ಬೆಳಕು, ಇಷ್ಟು ಗಾಳಿ ಏತಕ್ಕೆ ಎಂದು ತೆರಿಗೆದಾರರು ಗೊಣಗಿಕೊಂಡರು. ಇಂತಹ ಗೊಣಗಾಟ ಯಾವ ಊರಿಗೆ ತಾನೆ ಹೊಸತು!

ಶಾಲೆಯನ್ನು ಕಟ್ಟಬಹುದು, ಮಗುವನ್ನು ಒಳಗೆ ತರುವುದು ಹೇಗೆ? ನಿಜವಾದ ತೊಡಕು ಇಲ್ಲಿತ್ತು. ಹಾಜರಿಯನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಶಾಸನವು ಮಂಡಲಿಗಳ ವಿವೇಚನೆಗೆ ಬಿಟ್ಟಿತ್ತು. ಲಂಡನ್ ಮಂಡಲಿಯು 1871ರಲ್ಲಿಯೇ ಆ ನಿಯಮವನ್ನು ಕೈಕೊಂಡಿತು. ಬೆಂಕಿಪೆಟ್ಟಿಗೆ ಅಂಟಿಸಿಯೋ, ಪತ್ರಿಕೆ ಮಾರಿಯೋ, ಕೈಗೂಸನ್ನು ನೋಡಿಕೊಂಡೋ ಸಂಸಾರಕ್ಕೆ ನೆರವಾಗುತ್ತಿದ್ದ ಹತ್ತು ವರ್ಷದ ಹುಡುಗಿಯನ್ನು ಶಾಲೆಗೆ ಕಳುಹಿಸೆಂದರೆ, ತಾಯಿಗೆ ಅದು ನಷ್ಟ. ಅದರ ಮೇಲೆ ವಾರವಾರವೂ ಕೆಲವು ಪೆನ್ಸುಗಳ ಶುಲ್ಕ ಬೇರೆ. ಮಂಡಲಿಯ ಸಂದರ್ಶಕರು ಮನೆಮನೆಗೂ ಹೋಗಿ ಮಕ್ಕಳ ಪಟ್ಟಿ ಬರೆದರು, ತಪ್ಪಿಸಿಕೊಂಡವರನ್ನು ಹುಡುಕಿದರು, ಒಪ್ಪದ ತಂದೆತಾಯಿಗಳನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸಿದರು. ವಿದ್ಯೆಯನ್ನು ದಂಡದ ಭಯದಿಂದ ಕೊಡಬೇಕಾಗಿ ಬಂದುದನ್ನು ಓದುವಾಗ ನಮ್ಮ ಮನಸ್ಸು ಎರಡಾಗುತ್ತದೆ. ದಂಡವಿಲ್ಲದಿದ್ದರೆ ಆ ಹುಡುಗಿಯು ಅಕ್ಷರ ಕಲಿಯುತ್ತಿರಲಿಲ್ಲ. ದಂಡ ತೆತ್ತ ತಾಯಿಯ ಮನೆಯಲ್ಲಿ ಆ ದಿನದ ರೊಟ್ಟಿ ಕಡಮೆಯಾಯಿತು.

ಈ ಸಂದರ್ಶಕರ ಪಟ್ಟಿಗಳಿಂದ ಯಾರೂ ಎಣಿಸದಿದ್ದ ಒಂದು ಫಲವೂ ದೊರೆಯಿತು. ಯಾವ ಮನೆಯಲ್ಲಿ ಎಷ್ಟು ಮಕ್ಕಳು, ತಂದೆಯ ಕಸುಬೇನು, ಸಂಸಾರ ಹೇಗೆ ನಡೆಯುತ್ತಿದೆ ಎಂಬುದೆಲ್ಲ ಇವರಿಗೆ ತಿಳಿದಿತ್ತು. ಚಾರ್ಲ್ಸ್ ಬೂತ್ ಎಂಬ ವರ್ತಕರು 1886ರಲ್ಲಿ ಲಂಡನ್ನಿನ ಬಡತನವನ್ನು ಅಳೆಯಹೊರಟಾಗ ಈ ಸಂದರ್ಶಕರನ್ನೇ ಕೂರಿಸಿಕೊಂಡು, ಬೀದಿಬೀದಿಯ ವಿವರವನ್ನು ಕೇಳಿ ಬರೆದುಕೊಂಡರು. ನಗರದ ಜನರಲ್ಲಿ ನೂರಕ್ಕೆ ಸುಮಾರು 30 ಮಂದಿ ದಾರಿದ್ರ್ಯದಲ್ಲಿದ್ದಾರೆಂಬುದು ಅವರ ಲೆಕ್ಕದಿಂದ ಹೊರಬಿತ್ತು.

ಹಸಿದ ಮಗುವಿಗೆ ಪಾಠ ಹತ್ತುವುದುಂಟೆ? 1888ರ ಚುನಾವಣೆಯಲ್ಲಿ ಈ ಪ್ರಶ್ನೆಯನ್ನೆತ್ತಿಕೊಂಡು ಟವರ್ ಹ್ಯಾಮ್ಲೆಟ್ಸ್ ವಿಭಾಗದಿಂದ ಒಬ್ಬ ಮಹಿಳೆ 15,000ಕ್ಕೂ ಹೆಚ್ಚು ಮತಗಳಿಂದ ಗೆದ್ದು ಬಂದರು. ಅವರೇ ಆನಿ ಬೆಸೆಂಟರು. ಮುಂದೆ 1917ರಲ್ಲಿ ಕಲ್ಕತ್ತೆಯ ಕಾಂಗ್ರೆಸ್ಸಿನ ಅಧ್ಯಕ್ಷಪೀಠವನ್ನೇರಿದ ಅದೇ ಬೆಸೆಂಟರು. ಭಾರತವನ್ನಾಳಿ ಹೋದವರೊಬ್ಬರು, ಭಾರತಕ್ಕೆ ಸ್ವರಾಜ್ಯ ಬೇಕೆಂದು ಹೋರಾಡಲಿದ್ದವರೊಬ್ಬರು, ಹದಿನೆಂಟು ವರ್ಷಗಳ ಅಂತರದಲ್ಲಿ ಒಂದೇ ಮಂಡಲಿಯಲ್ಲಿ ಕುಳಿತರೆಂಬುದು ನಮಗೆ ವಿನೋದವಾಗಿ ಕಾಣುತ್ತದೆ. ಬೆಸೆಂಟರು ಬಡಮಕ್ಕಳ ಊಟಕ್ಕಾಗಿ ವಾದಿಸಿದರು. ಮಂಡಲಿಯ ಗುತ್ತಿಗೆ ಹಿಡಿಯುವವರು ಕೂಲಿಯವರಿಗೆ ನ್ಯಾಯವಾದ ಸಂಬಳ ಕೊಡಬೇಕೆಂದು ಹಟಹಿಡಿದರು. 1891ರ ಶಾಸನವು ಪ್ರಾಥಮಿಕ ಶಾಲೆಗಳ ಶುಲ್ಕವನ್ನು ಬಹುಮಟ್ಟಿಗೆ ತೊಡೆದುಹಾಕಿತು. ಊಟದ ಪ್ರಶ್ನೆಗೆ ಪಾರ್ಲಿಮೆಂಟು ಕಿವಿಗೊಟ್ಟುದು 1906ರಲ್ಲಿ, ಮಂಡಲಿಯು ಅಳಿದ ಮೇಲೆ.

ಅಳಿದುದಾದರೂ ಹೇಗೆ? ತನ್ನ ಕೆಲಸ ಕೆಟ್ಟುದರಿಂದಲ್ಲ, ಮೇರೆ ಮೀರಿ ಬೆಳೆದುದರಿಂದ. ಪ್ರಾಥಮಿಕ ಪಾಠ ಮುಗಿಸಿದ ಹುಡುಗರು ಇನ್ನೂ ಕಲಿಯಬೇಕೆಂದಾಗ ಮಂಡಲಿಯು ಮೇಲಿನ ತರಗತಿಗಳನ್ನು ತೆರೆಯಿತು, ವಯಸ್ಕರಿಗೆ ಸಂಜೆಯ ಶಾಲೆಗಳನ್ನು ನಡೆಸಿತು, ವಿಜ್ಞಾನವನ್ನೂ ಕಲೆಯನ್ನೂ ಕಲಿಸಿತು. 1899ರಲ್ಲಿ ಕಾಕರ್‌ಟನ್ ಎಂಬ ಸರ್ಕಾರಿ ಲೆಕ್ಕಪರೀಕ್ಷಕರು, ಪ್ರಾಥಮಿಕ ಶಿಕ್ಷಣಕ್ಕೆಂದು ಎತ್ತಿದ ತೆರಿಗೆಯನ್ನು ಇಂತಹ ಪಾಠಗಳಿಗೆ ವೆಚ್ಚಮಾಡಕೂಡದೆಂದು ಆಕ್ಷೇಪಿಸಿದರು. ನ್ಯಾಯಾಲಯವು ಅವರ ಮಾತನ್ನೇ ಎತ್ತಿಹಿಡಿಯಿತು. 1902ರ ಶಾಸನದಿಂದ ಇತರ ಊರುಗಳ ಮಂಡಲಿಗಳು ಹೋದವು. 1903ರ ಶಾಸನದ ಮೇರೆಗೆ ಮರುವರ್ಷ ಲಂಡನ್ ಮಂಡಲಿಯ ಶಾಲೆಗಳು ಅಲ್ಲಿನ ಕೌಂಟಿ ಕೌನ್ಸಿಲಿನ ವಶವಾದವು. ಚುನಾವಣೆಗೆ ನಿಂತು ಗೆಲ್ಲುತ್ತಿದ್ದ ಸ್ತ್ರೀಯರಿಗೆ ಆಗ ಆ ಕೌನ್ಸಿಲಿನ ಸದಸ್ಯತ್ವಕ್ಕೆ ಎಡೆಯಿರಲಿಲ್ಲವೆಂಬ ಸಂಗತಿಯನ್ನು ಚರಿತ್ರಕಾರರು ಸಾಮಾನ್ಯವಾಗಿ ಒಂದು ಸಾಲಿನಲ್ಲಿ ದಾಟಿಬಿಡುತ್ತಾರೆ.

ಆ ಮೂವತ್ತನಾಲ್ಕು ವರ್ಷಗಳಲ್ಲಿ ಕಟ್ಟಿದ ಶಾಲೆಗಳು 400ಕ್ಕೂ ಮಿಕ್ಕಿದ್ದವು. ಯುದ್ಧದ ಬಾಂಬುಗಳಿಗೆ ಕೆಲವು ಬಲಿಯಾದವು, ಕೆಲವು ವಾಸದ ಮನೆಗಳಾಗಿ ಮಾರ್ಪಟ್ಟಿವೆ. ಉಳಿದ ಹಲವದರಲ್ಲಿ ಇಂದಿಗೂ ಮಕ್ಕಳು ಓದುತ್ತಿದ್ದಾರೆ; ಬಾಗಿಲುಗಳ ಮೇಲೆ ಬಾಲಕರು, ಬಾಲಕಿಯರು, ಶಿಶುಗಳು ಎಂದು ಕೆತ್ತಿದ ಅಕ್ಷರಗಳು ಇನ್ನೂ ಕಾಣುತ್ತವೆ.