ಅಪರಾಧದ ಪ್ರಯೋಜನ: ಮ್ಯಾಸಚೂಸೆಟ್ಸ್‌ನ ಪ್ಯೂರಿಟನ್ನರು ಮತ್ತು ಪ್ರಕಾರ್ಯವಾದದ ಮಿತಿ

ಅಪರಾಧವಿಲ್ಲದ ಸಮಾಜವಿಲ್ಲ ಎಂದಷ್ಟೇ ಹೇಳಿ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಖೈಮ್ ಸುಮ್ಮನಾಗಲಿಲ್ಲ. ಸಮಾಜಶಾಸ್ತ್ರದ ವಿಧಾನವನ್ನು ಕುರಿತ 1895ರ ಕೃತಿಯಲ್ಲಿ, ಅಪರಾಧವು ಸಮಾಜದ ಆರೋಗ್ಯಕ್ಕೆ ಸೇರಿದ್ದೇ ಎಂದು ವಾದಿಸಿದ. ಬರೀ ಸಂತರೇ ಇರುವ ಮಠದಲ್ಲೂ, ಹೊರಗಿನವರು ಗಮನಿಸದಂಥ ಸಣ್ಣ ತಪ್ಪು ದೊಡ್ಡ ಹಗರಣವಾಗುತ್ತದೆ. ತಪ್ಪಿತಸ್ಥನನ್ನು ದಂಡಿಸುವಾಗ ಉಳಿದವರ ಸಾಮೂಹಿಕ ಪ್ರಜ್ಞೆ ಗಟ್ಟಿಯಾಗುತ್ತದೆ; ಹಾಗಾಗಿ ಶಿಕ್ಷೆ ಮುಖ್ಯವಾಗಿ ತಾಕುವುದು ತಪ್ಪು ಮಾಡದವರನ್ನು. ಅಪರಾಧ ಮಿತಿಮೀರಿದರೆ ಅದು ರೋಗವೆಂದೂ ಆತ ಹೇಳಿದ್ದಾನೆ.

ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲಿ ಎತ್ತಿದ ಪ್ರಶ್ನೆ ಬೇರೆ. ಸಮಾಜ ಎಲ್ಲರ ಮುಂದಿಡುವ ಗುರಿಗೂ ಅದನ್ನು ತಲುಪಲು ಕೆಲವರಿಗಷ್ಟೇ ಸಿಗುವ ದಾರಿಗೂ ನಡುವಿನ ಅಂತರದಲ್ಲಿ ಆತ ವಿಚಲನೆಯ, ಅಂದರೆ ರೂಢಿ ಮೀರುವ ನಡೆಯ, ಮೂಲವನ್ನು ಹುಡುಕಿದ. ಇಲ್ಲಿ ನನ್ನ ಆಸಕ್ತಿ ಡರ್ಖೈಮ್‌ನ ಪ್ರತಿಪಾದನೆಗೆ ಸೀಮಿತ.

ಅದನ್ನು ಚರಿತ್ರೆಯ ದಾಖಲೆಗಳ ಮುಂದಿಟ್ಟು ಪರೀಕ್ಷಿಸಿದವನು ಸಮಾಜಶಾಸ್ತ್ರಜ್ಞ ಕೈ ಎರಿಕ್ಸನ್. 1966ರಲ್ಲಿ ಪ್ರಕಟವಾದ ಅವನ ಅಧ್ಯಯನ ಹದಿನೇಳನೆಯ ಶತಮಾನದ ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ನರೆಂಬ ಕಟ್ಟುನಿಟ್ಟಿನ ಪ್ರಾಟೆಸ್ಟಂಟರದು. ಅಲ್ಲಿ ಮೂರು ಬಾರಿ ಅಪರಾಧದ ಅಲೆ ಎದ್ದಿತು. ಪಾದ್ರಿಗಳ ಅಧಿಕಾರವನ್ನು ಪ್ರಶ್ನಿಸಿದ ಆನ್ ಹಚಿನ್ಸನ್‌ಗೆ 1637ರಲ್ಲಿ ಗಡೀಪಾರಿನ ಶಿಕ್ಷೆಯಾಯಿತು. 1650ರ ದಶಕದ ಕೊನೆಗೆ ಕ್ವೇಕರ್ ಪಂಥದವರ ಮೇಲೆ ದಮನ ಆರಂಭವಾಯಿತು. 1660ರಲ್ಲಿ ಬಾಸ್ಟನ್‌ನಲ್ಲಿ ಅವರಲ್ಲೊಬ್ಬಳಾದ ಮೇರಿ ಡೈಯರ್‌ಳನ್ನು ಗಲ್ಲಿಗೇರಿಸಿದರು. 1692ರಲ್ಲಿ ಸೇಲಂನ ಮಾಟಗಾತಿಯರ ವಿಚಾರಣೆ ನಡೆಯಿತು: 19 ಮಂದಿಗೆ ಗಲ್ಲು, ವಿಚಾರಣೆಗೆ ಒಪ್ಪದ ಒಬ್ಬ ಮುದುಕನಿಗೆ ಕಲ್ಲು ಹೇರಿ ಸಾವು. ಎರಿಕ್ಸನ್‌ನ ಪ್ರಕಾರ ಈ ಮೂರೂ ಸಂದರ್ಭಗಳಲ್ಲಿ ಸಮುದಾಯಕ್ಕೆ ತನ್ನ ನೈತಿಕ ಗಡಿಯೇ ಮಸುಕಾಗಿತ್ತು. ಸೇಲಂಗೆ ಮುನ್ನ, 1684ರಲ್ಲಿ, ವಸಾಹತಿನ ಸನ್ನದೇ ರದ್ದಾಗಿದ್ದುದು ಈ ವಾದಕ್ಕೆ ಬಲ ಕೊಡುತ್ತದೆ.

ತೊಡಕಿರುವುದು ಎರಿಕ್ಸನ್‌ನ ಇನ್ನೊಂದು ತೀರ್ಮಾನದಲ್ಲಿ. ಅದೇ ವಸಾಹತಿನ ಎಸೆಕ್ಸ್ ಕೌಂಟಿಯ ನ್ಯಾಯಾಲಯದ ಕಡತಗಳನ್ನು ಎಣಿಸಿ, ಅಪರಾಧಿಗಳ ಪ್ರಮಾಣ ದಶಕಗಳ ಕಾಲ ಹೆಚ್ಚುಕಡಿಮೆ ಸ್ಥಿರವಾಗಿತ್ತು ಎಂದು ಆತ ತೋರಿಸುತ್ತಾನೆ. ಇದಕ್ಕೆ ಎರಡು ಕಾರಣಗಳು ಅವನ ಬರವಣಿಗೆಯಲ್ಲೇ ಇವೆ: ಸಮಾಜಕ್ಕೆ ವಿಚಲನೆ ಬೇಕಾಗಿರುವುದು ಒಂದು, ನ್ಯಾಯಾಲಯವೂ ಸೆರೆಮನೆಯೂ ನಿಭಾಯಿಸಬಲ್ಲಷ್ಟು ಪ್ರಕರಣಗಳೇ ದಾಖಲಾಗುವುದು ಇನ್ನೊಂದು. ಎರಡನೆಯದು ನಿಜವಾದರೆ ಮೊದಲನೆಯದನ್ನು ಊಹಿಸುವ ಅಗತ್ಯವೇ ಬೀಳುವುದಿಲ್ಲ.

ಸಮಾಜದ ಅಗತ್ಯಕ್ಕಿಂತ ಸಂಸ್ಥೆಗಳ ನಡೆಯೇ ಮುಖ್ಯ ಎಂಬುದನ್ನೇ ಸೇಲಂನ ಮುಂದಿನ ಘಟನೆಗಳೂ ಸೂಚಿಸುತ್ತವೆ. 1692ರ ಅಕ್ಟೋಬರ್‌ನಲ್ಲಿ ಗವರ್ನರ್ ವಿಲಿಯಂ ಫಿಪ್ಸ್ ಈ ವಿಚಾರಣೆ ನಡೆಸುತ್ತಿದ್ದ ವಿಶೇಷ ನ್ಯಾಯಾಲಯವನ್ನು ವಿಸರ್ಜಿಸಿದ. ಆರೋಪಿಯ ಪ್ರೇತರೂಪ ತನ್ನನ್ನು ಪೀಡಿಸಿತು ಎಂಬ ಸಾಕ್ಷ್ಯವನ್ನು 1693ರ ಹೊಸ ನ್ಯಾಯಾಲಯ ಒಪ್ಪಲಿಲ್ಲ, ಬಹುತೇಕರು ಬಿಡುಗಡೆಯಾದರು. ಗಡಿಯ ಗೊಂದಲ ಅಷ್ಟು ಬೇಗ ಬಗೆಹರಿದಿತ್ತೆ? ಹಾಗೆನ್ನಲು ಆಧಾರವಿಲ್ಲ. ಬದಲಾದದ್ದು ಸಾಕ್ಷ್ಯದ ನಿಯಮ, ಅದನ್ನು ಬದಲಿಸುವ ಅಧಿಕಾರವಿದ್ದದ್ದು ಕೆಲವೇ ಜನರ ಕೈಯಲ್ಲಿ.

ಅಲೆ ಯಾವಾಗ ಏಳುತ್ತದೆ ಎಂಬುದಕ್ಕೆ ಪ್ರಕಾರ್ಯವಾದ, ಅಂದರೆ ಅಪರಾಧವೂ ಸಮಾಜಕ್ಕೆ ಒಂದು ಕೆಲಸ ಮಾಡಿಕೊಡುತ್ತದೆ ಎನ್ನುವ ಡರ್ಖೈಮ್‌ನ ಬಗೆಯ ವಿವರಣೆ, ಒಳ್ಳೆಯ ಉತ್ತರ ಕೊಡುತ್ತದೆ. ಯಾರು ಬಲಿಯಾಗುತ್ತಾರೆ, ಅಲೆ ಹೇಗೆ ಇಳಿಯುತ್ತದೆ ಎಂಬಲ್ಲಿ ಅದು ಸೋಲುತ್ತದೆ, ಏಕೆಂದರೆ ‘ಸಮಾಜ’ವೆಂಬ ಒಂದೇ ಮಾತಿನಡಿ ನ್ಯಾಯಾಧೀಶನನ್ನೂ ನೇಣಿಗೇರಿದವಳನ್ನೂ ಸೇರಿಸಿಬಿಡುತ್ತದೆ. ಆ ಇಬ್ಬರ ನಡುವಿನ ಅಂತರವನ್ನು ಒಪ್ಪಿಕೊಂಡಂತೆ, 1711ರಲ್ಲಿ ಅದೇ ವಸಾಹತಿನ ಸರ್ಕಾರ ಹಲವರ ಶಿಕ್ಷೆಯನ್ನು ರದ್ದುಗೊಳಿಸಿ, ಸಂತ್ರಸ್ತ ಕುಟುಂಬಗಳಿಗೆ 578 ಪೌಂಡ್ 12 ಶಿಲಿಂಗ್ ಪರಿಹಾರ ಮಂಜೂರು ಮಾಡಿತು.