ಅಡ್ಡಹೆಸರು ಕೇಳೋರಿಗೆ ಬೇಕಾದ್ದೇನು?

ಪುಣೆಯಲ್ಲಿ ಕೆಲಸಕ್ಕೆ ಸೇರಿದ ದಿನ ಫಾರ್ಮ್‌ನ ‘ಲಾಸ್ಟ್ ನೇಮ್’ ಜಾಗ ಖಾಲಿ ಬಿಟ್ಟಿದ್ದೆ. ನಮ್ಮ ಹಾಸನದ ಕಡೆ ಇನಿಷಿಯಲ್ಸೇ ಎಲ್ಲ: ಒಂದು ಊರಿಂದು, ಒಂದು ಅಪ್ಪಂದು. ಸಿಸ್ಟಮ್ ಒಪ್ಪಲಿಲ್ಲ, ಅಪ್ಪನ ಹೆಸರು ತುಂಬಿದೆ. ಆದ್ರೂ ಚಹಾದ ಹೊತ್ತಿಗೆ ‘ಆಡನಾವ್ ಕಾಯ್?’ ಅನ್ನೋ ಪ್ರಶ್ನೆ ನಿಲ್ಲಲಿಲ್ಲ. ಕೇಳೋರಿಗೆ ಬೇಕಾದ್ದು ಬರೀ ಹೆಸರಲ್ಲ ಅಂತ ತಿಳಿಯೋಕೆ ಸ್ವಲ್ಪ ದಿನ ಬೇಕಾಯ್ತು.

ಹೆಸರು ನೋಡಿ ಮನಸ್ಸು ತಾನಾಗೇ ವಾಲುತ್ತಾ ಅಂತ ಅಳೆದವರಿದ್ದಾರೆ. ಬಾಸ್ಟನ್, ಶಿಕಾಗೋಗಳಲ್ಲಿ ಮರಿಯಾನ್ ಬರ್ಟ್ರಾಂಡ್, ಸೆಂಧಿಲ್ ಮುಲ್ಲೈನಾಥನ್ ಸುಮಾರು 5,000 ಕಲ್ಪಿತ ರೆಸ್ಯೂಮೆ ಕಳಿಸಿದರು. ಬಿಳಿಯರದೆನಿಸುವ ಹೆಸರುಗಳಿಗೆ ಶೇ. 50ರಷ್ಟು ಹೆಚ್ಚು ಕರೆ ಬಂತು. ಅದು ಪ್ರಕಟವಾದದ್ದು 2004ರಲ್ಲಿ.

‘ಅದು ಅಮೆರಿಕ ಬಿಡ್ರಿ’ ಅನ್ನೋ ಹಾಗಿಲ್ಲ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ ಇದನ್ನೇ ನಮ್ಮಲ್ಲಿ ಮಾಡಿದರು. ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ಜಾಹೀರಾತಿಗೆ ಒಂದೇ ಅರ್ಹತೆಯ ಅರ್ಜಿಗಳು, ಬೇರೆ ಬೇರೆ ಹೆಸರುಗಳು. 2007ರ ಅವರ ಲೇಖನದ ಪ್ರಕಾರ, ಮೇಲ್ಜಾತಿ ಹಿಂದೂ ಹೆಸರಿಗೆ ಹೋಲಿಸಿದರೆ ಕರೆ ಬರುವ ಆಡ್ಸ್ ದಲಿತ ಹೆಸರಿಗೆ 0.67, ಮುಸ್ಲಿಂ ಹೆಸರಿಗೆ 0.33. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್ ಎಚ್‌ಆರ್ ಮ್ಯಾನೇಜರುಗಳ ಸಂದರ್ಶನ ಪ್ರಕಟಿಸಿದರು. ಮೆರಿಟ್ ಒಂದೇ ಮುಖ್ಯ ಅಂದವರೇ, ಅಭ್ಯರ್ಥಿಯ ‘ಫ್ಯಾಮಿಲಿ ಬ್ಯಾಕ್‌ಗ್ರೌಂಡ್’ ಕೇಳ್ತೀವಿ ಅಂತಲೂ ಹೇಳಿದ್ದರು. ಎರಡಕ್ಕೂ ಜಗಳ ಇದೆ ಅಂತ ಅವರಿಗೆ ಅನ್ನಿಸಿರಲಿಲ್ಲ.

ನಮ್ಮಂಥೋರಿಗೆ ಸ್ವಲ್ಪ ಸಮಾಧಾನದ ಸುದ್ದಿ 2009ರದ್ದು. ಬರ್ಟ್ರಾಂಡ್, ಮುಲ್ಲೈನಾಥನ್ ಜೊತೆ ಅಭಿಜಿತ್ ಬ್ಯಾನರ್ಜಿ, ಸೌಗತೊ ದತ್ತಾ ಸೇರಿ ದೆಹಲಿ ಸುತ್ತಮುತ್ತಲ 371 ಹುದ್ದೆಗಳಿಗೆ 3,160 ಕಲ್ಪಿತ ರೆಸ್ಯೂಮೆ ಕಳಿಸಿದ್ದರು. ಸಾಫ್ಟ್‌ವೇರ್ ಕೆಲಸಗಳಲ್ಲಿ ಜಾತಿ ತಾರತಮ್ಯದ ಪುರಾವೆ ಸಿಗಲಿಲ್ಲ. ಕಾಲ್ ಸೆಂಟರ್ ಕೆಲಸಗಳಲ್ಲಿ ಹಿಂದುಳಿದ ವರ್ಗದ ಹೆಸರುಗಳಿಗೆ ಕರೆ ಕಡಿಮೆ ಬಂತು. ನನ್ನ ಓದು ಇಷ್ಟು: ಕೋಡ್ ಓಡುತ್ತೋ ಇಲ್ವೋ ಅಂತ ಪರೀಕ್ಷೆ ಮಾಡಬಹುದು, ‘ಮಾತು ಚೆನ್ನಾಗಿದೆ, ನಯ ಇದೆ’ ಅನ್ನೋದನ್ನ ನಮ್ಮ ಅಭ್ಯಾಸವೇ ತೀರ್ಮಾನಿಸುತ್ತೆ. ಆದ್ರೆ ಆ ಪ್ರಯೋಗ ಅಳೆದದ್ದು ಮೊದಲ ಕರೆಯವರೆಗೆ ಮಾತ್ರ. ಇಂಟರ್‌ವ್ಯೂ ರೂಮಿನೊಳಗೆ ಕೂತಿರೋದು ನಾವು.

ಎರಡು ವರ್ಷದ ಹಿಂದೆ ನಾನೇ ಪ್ಯಾನೆಲ್‌ನಲ್ಲಿದ್ದೆ. ಒಬ್ಬ ಹುಡುಗ ಅರಸೀಕೆರೆಯವನು. ‘ಓ, ನಮ್ಮ ಕಡೆಯೋನಾ!’ ಅಂತ ಐದು ನಿಮಿಷ ಕನ್ನಡದಲ್ಲೇ ಹರಟಿದೆ. ಪರ ಊರಲ್ಲಿ ಕನ್ನಡ ಕಿವಿಗೆ ಬಿದ್ರೆ ಏನಾಗುತ್ತೆ ಅಂತ ನಿಮಗೆ ಹೇಳಬೇಕಿಲ್ಲ. ಸಂಜೆ ‘ಟೀಮ್ ಫಿಟ್’ ಅಂತ ಬರೆದು ಅವನನ್ನೇ ಆರಿಸಿದೆ. ತಿಂಗಳಾದ ಮೇಲೆ ಬೇರೆ ಕಾರಣಕ್ಕೆ ಹಳೇ ನೋಟ್ಸ್ ತೆಗೆದರೆ, ಅದೇ ಪ್ರಶ್ನೆಗೆ ನಾಂದೇಡದ ಹುಡುಗಿಯೊಬ್ಬಳು ಖಾಲಿ ಇನ್‌ಪುಟ್ ಬಂದಾಗಿನ ಕೇಸನ್ನೂ ಬಿಡಿಸಿದ್ದಳು. ಇವನು ಬಿಡಿಸಿರಲಿಲ್ಲ. ಅವಳ ಹೆಸರಿನ ಮುಂದೆ ನಾನು ಬರೆದಿದ್ದು: ‘ಸ್ವಲ್ಪ ರಿಸರ್ವ್ಡ್’. ಐದು ನಿಮಿಷದ ಹರಟೆ ಅವಳಿಗೆ ಯಾರು ಕೊಟ್ಟಿದ್ರು?

ಈಗ ಊರಿನ ಮಾತು ಎತ್ತೋ ಮುಂಚೆ ಪ್ರತಿ ಪ್ರಶ್ನೆಗೂ ಅಂಕ ಬರೆದುಬಿಡ್ತೀನಿ, ಎಲ್ಲರಿಗೂ ಅವೇ ಪ್ರಶ್ನೆಗಳು. ‘ಫಿಟ್’ ಅನ್ನೋ ಕಾಲಂ ಖಾಲಿ ಬಿಡ್ತೀನಿ. ಹೋದ ವಾರ ಎಚ್‌ಆರ್‌ನವರು ಫಾರ್ಮ್ ವಾಪಸ್ ಕಳಿಸಿದ್ರು, ಅಪೂರ್ಣ ಅಂತ.