ಪ್ರಿಂಟರ್ ಕೆಟ್ಟಿಲ್ಲ, ಅದರ ವಿಳಾಸ ಬದಲಾಗಿದೆ

ಫೋಟೊಕಾಪಿಗೆ ನಮ್ಮೂರುಗಳಲ್ಲಿ ‘ಝೆರಾಕ್ಸ್’ ಅನ್ನುತ್ತೇವೆ. ಅದು ಅಮೆರಿಕದ ಒಂದು ಕಂಪನಿಯ ಹೆಸರು. ಒಂದೇ ಪ್ರಿಂಟರನ್ನು ಹಲವು ಕಂಪ್ಯೂಟರ್‌ಗಳು ಹಂಚಿಕೊಳ್ಳುವ ಕಥೆಯೂ ಅಲ್ಲಿಂದಲೇ ಶುರು. 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿದ್ದ ಅದರ ಸಂಶೋಧನಾ ಕೇಂದ್ರದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್ ಕೊಡುವ ಯೋಚನೆ ನಡೆದಿತ್ತು. ಆದರೆ ಲೇಸರ್ ಪ್ರಿಂಟರನ್ನು ಎಲ್ಲರೂ ಹಂಚಿಕೊಳ್ಳಬೇಕಿತ್ತು. ಅದಕ್ಕಾಗಿ ಬಾಬ್ ಮೆಟ್‌ಕಾಫ್ ಮತ್ತು ಡೇವಿಡ್ ಬಾಗ್ಸ್ ‘ಈಥರ್‌ನೆಟ್’ ಎಂಬ ಜಾಲ ಕಟ್ಟಿದರು.

ನಮ್ಮ ಕಡೆ ಪ್ರಿಂಟರ್ ರೈತರ ಬದುಕಿಗೆ ಬಂದದ್ದು ‘ಭೂಮಿ’ ಯೋಜನೆಯಿಂದ. 2000ದ ಆಸುಪಾಸಿನಲ್ಲಿ ಕೈಬರಹದ ಪಹಣಿ ಹೋಗಿ, ತಾಲೂಕು ಕಚೇರಿಯಲ್ಲಿ 15 ರೂಪಾಯಿಗೆ ಮುದ್ರಿತ ಪಹಣಿ ಸಿಗತೊಡಗಿತು. ಶಿಗ್ಲಿ ಆಗ ಶಿರಹಟ್ಟಿ ತಾಲೂಕಿನಲ್ಲಿತ್ತು. ಈಗ ಲಕ್ಷ್ಮೇಶ್ವರ ತಾಲೂಕು. ಈಗ ಪಹಣಿಯನ್ನು ಆನ್‌ಲೈನ್‌ನಲ್ಲಿ ಊರಲ್ಲೇ ತೆಗೆಸಬಹುದು. ಹಾಗಾಗಿ ಊರಿನ ಪ್ರಿಂಟರ್ ನಿಂತರೆ ಬೆಳೆ ಸಾಲ, ವಿಮೆ, ವಿದ್ಯಾರ್ಥಿವೇತನದ ಕೊನೆಯ ದಿನವೇ ತಪ್ಪಬಹುದು.

ಹಿಂದೆ ಪ್ರಿಂಟರಿಗೂ ಕಂಪ್ಯೂಟರಿಗೂ ನಡುವೆ ಒಂದು ಕೇಬಲ್ ಇರುತ್ತಿತ್ತು. ದೋಷ ಕಣ್ಣಿಗೆ ಕಾಣುತ್ತಿತ್ತು: ಕೇಬಲ್ ಸಡಿಲ, ಕಾಗದ ಸಿಕ್ಕಿಕೊಂಡದ್ದು, ರಿಬ್ಬನ್ ಮುಗಿದದ್ದು. ಆಮೇಲೆ ಒಂದು ಕಂಪ್ಯೂಟರಿನ ಪ್ರಿಂಟರನ್ನು ಇನ್ನೊಂದರಿಂದ ಬಳಸುವ ಪದ್ಧತಿ ಬಂತು. ಇದರಲ್ಲಿ ಮೊದಲ ಕಂಪ್ಯೂಟರ್ ಬಂದಾದರೆ ಎರಡನೆಯದಕ್ಕೆ ಪ್ರಿಂಟ್ ಇಲ್ಲ. 2021ರ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಕೊಟ್ಟ ಅಪ್‌ಡೇಟ್ ಆದ ಮೇಲೆ ಇಂಥ ಹಂಚಿಕೊಂಡ ಪ್ರಿಂಟರ್‌ಗಳು ಜಗತ್ತಿನ ಹಲವೆಡೆ ನಿಂತುಹೋದವು. ಒಂದಕ್ಕೆ ಅಪ್‌ಡೇಟ್ ಹಾಕಿ ಇನ್ನೊಂದನ್ನು ಬಿಟ್ಟರೆ ಈ ತೊಂದರೆ ಬರಬಹುದು. ಎರಡಕ್ಕೂ ಹಾಕಿ ನೋಡಬೇಕು.

1999ರಲ್ಲಿ ‘ವೈಫೈ’ ಎಂಬ ಹೆಸರು ಬಂತು. ಕೇಬಲ್ ಹೋಯಿತು, ದೋಷ ಕಣ್ಣಿಗೆ ಕಾಣದಾಯಿತು. ವೈಫೈ ಜಾಲದಲ್ಲಿ ಪ್ರತಿ ಯಂತ್ರಕ್ಕೂ ಮನೆ ನಂಬರಿನಂಥ ಒಂದು ಐಪಿ ವಿಳಾಸ ಇರುತ್ತದೆ. ಅದನ್ನು ರೌಟರ್ ತಾನಾಗಿ ಹಂಚುತ್ತದೆ. ಈ ಪದ್ಧತಿ ರೂಪುಗೊಂಡದ್ದು 1993ರಲ್ಲಿ. ಕರೆಂಟ್ ಹೋಗಿ ಬಂದಾಗ ರೌಟರ್ ಮತ್ತೆ ಶುರುವಾಗಿ ಪ್ರಿಂಟರಿಗೆ ಬೇರೆ ನಂಬರ್ ಕೊಡಬಹುದು. ಕಂಪ್ಯೂಟರ್ ಮಾತ್ರ ಹಳೆಯ ನಂಬರಿನ ಬಾಗಿಲನ್ನೇ ತಟ್ಟುತ್ತಿರುತ್ತದೆ. ಉತ್ತರ ಬಾರದಿದ್ದಾಗ ಪರದೆಯ ಮೇಲೆ ‘ಆಫ್‌ಲೈನ್’ ಎಂದು ಬರುತ್ತದೆ. ಪ್ರಿಂಟರ್ ಕೆಟ್ಟಿತೆಂದು ಹೊಸದಕ್ಕೆ ದುಡ್ಡು ಹಾಕುವ ಮೊದಲು ಇಷ್ಟು ನೋಡಿ.

ಒಂದು, ಫೋನ್ ಅಥವಾ ಕಂಪ್ಯೂಟರ್ ಮತ್ತು ಪ್ರಿಂಟರ್ ಒಂದೇ ರೌಟರಿನ ವೈಫೈನಲ್ಲಿವೆಯೇ? ಫೋನಿನ ಮೊಬೈಲ್ ಡೇಟಾ ಬಂದ್ ಮಾಡಿ ನೋಡಿ. ಎಷ್ಟೋ ಪ್ರಿಂಟರ್‌ಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, 5 ಹಿಡಿಯುವುದಿಲ್ಲ.

ಎರಡು, ಪ್ರಿಂಟರಿನ ಮೆನುವಿನಿಂದ ನೆಟ್‌ವರ್ಕ್ ವಿವರದ ಹಾಳೆ ತೆಗೆಯಿರಿ. ಅದರಲ್ಲಿರುವ ಐಪಿ ವಿಳಾಸವನ್ನು ಕಂಪ್ಯೂಟರಿನಲ್ಲಿರುವುದಕ್ಕೆ ಹೋಲಿಸಿ. ಬೇರೆಯಿದ್ದರೆ ಪ್ರಿಂಟರನ್ನು ತೆಗೆದು ಹೊಸ ವಿಳಾಸದಿಂದ ಮತ್ತೆ ಸೇರಿಸಿ.

ಮೂರು, ರೌಟರಿನ ಸೆಟ್ಟಿಂಗ್‌ನಲ್ಲಿ ಆ ವಿಳಾಸವನ್ನು ಪ್ರಿಂಟರಿಗೇ ಕಾಯ್ದಿರಿಸಿ. ಆಮೇಲೆ ಕರೆಂಟ್ ಎಷ್ಟು ಸಲ ಹೋದರೂ ನಂಬರ್ ಬದಲಾಗದು.

ಶಿಗ್ಲಿ ನೇಕಾರರ ಊರು. ಎಳೆ ಹರಿದರೆ ಯಾರೂ ಮಗ್ಗ ಬದಲಿಸುವುದಿಲ್ಲ, ಹರಿದ ಜಾಗ ಹುಡುಕಿ ಗಂಟು ಹಾಕುತ್ತಾರೆ. ಪ್ರಿಂಟರಿನ ಎಳೆ ಈಗ ಗಾಳಿಯಲ್ಲಿದೆ, ಅಷ್ಟೇ ವ್ಯತ್ಯಾಸ. ಅದು ಎಲ್ಲಿ ಹರಿದಿದೆ ಎಂದು ಆ ಒಂದು ಹಾಳೆ ಹೇಳುತ್ತದೆ.